ದಿನಕ್ಕೆ 150 ರೂಪಾಯಿ ಪಿಗ್ಮಿ: ಮಕ್ಕಳ ಶಾಲೆ ಫೀಗೆ ಸಾಕಾಗುತ್ತದಾ?

ಸಂಜೆ ಆರೂವರೆಗೆ ನನ್ನ ಎರಡೂ ಕೈ ಹಿಟ್ಟಿನಲ್ಲಿರುತ್ತವೆ. ಸರಿಯಾಗಿ ಆ ಹೊತ್ತಿಗೇ ಪಿಗ್ಮಿ ಹುಡುಗ ಬರುತ್ತಾನೆ. ಗಾಡಿ ಬಂದ್ ಮಾಡುವುದಿಲ್ಲ, ಒಳಗೂ ಬರುವುದಿಲ್ಲ. "ಅಕ್ಕಾರ, ಆತೇನ್ರೀ?" ಅಂತ ಬಾಗಿಲಲ್ಲೇ ನಿಂತು ಕೂಗುತ್ತಾನೆ. ಮಗಳು ಡಬ್ಬಿಯಿಂದ 150 ರೂಪಾಯಿ ತೆಗೆದು ಕೊಡುತ್ತಾಳೆ. ಅವನ ಕೈಯಲ್ಲಿರುವ ಸಣ್ಣ ಮಷಿನ್ ಕಿರ್ರ್ ಅಂತ ಒಂದು ಚೀಟಿ ಬಿಡುತ್ತದೆ. ಒಂದು ನಿಮಿಷದ ಕೆಲಸ. ದಿನಾ ಹೀಗೆ ಬಾಗಿಲಿಗೆ ಬಂದು ಒಯ್ಯುವ ಸಣ್ಣ ಉಳಿತಾಯವೇ ಪಿಗ್ಮಿ. ಭಾನುವಾರ ಬಿಟ್ಟು ಮೂರು ವರ್ಷದಿಂದ ಹೀಗೇ ನಡೆದಿದೆ.

ನಾನು ವಿಜಯಪುರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಎರಡು ಖಾನಾವಳಿಗೆ ದಿನಾ ಕೊಡುತ್ತೇನೆ. ಶೇಂಗಾ ಹಿಂಡಿ, ಅಗಸಿ ಹಿಂಡಿಯೂ ಉಂಟು. ನಮ್ಮವರದು ಟಂಟಂ ಆಟೋ. ಮಗಳು ಏಳನೇತ್ತೆ, ಮಗ ಮೂರನೇತ್ತೆ. ಇಬ್ಬರೂ ಮಠದವರು ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ಈ ವರ್ಷದ ಫೀ ಮಗಳದು 27,500, ಮಗನದು 22,000. ಪುಸ್ತಕ, ವ್ಯಾನು ಬೇರೆ. ಆ ಫೀ ಕಟ್ಟಲು ಪಿಗ್ಮಿ ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ ಅಂತ ನನ್ನ ಅನುಭವ ಬರೆಯುತ್ತಿದ್ದೇನೆ. ನಾನು ಪಿಗ್ಮಿ ಕಟ್ಟುವ ಸೌಹಾರ್ದ ಸಹಕಾರಿಯ ಹೆಸರು ಬರೆಯುವುದಿಲ್ಲ. ಬೈಯುವುದೂ ಇದೆ, ಹಾಗಾಗಿ.

ಓಣಿಯ ತುದಿಯಲ್ಲೇ ಸರಕಾರಿ ಶಾಲೆ ಇದೆ, ಫೀ ಇಲ್ಲ, ಬಿಸಿಯೂಟವೂ ಇದೆ, ಅಲ್ಲಿಗೇ ಹಾಕಬಾರದಾ ಅಂತ ನೀವು ಕೇಳಬಹುದು. ನಮ್ಮ ಅತ್ತೆ ಪ್ರತಿ ಜೂನ್‌ನಲ್ಲಿ ಕೇಳುತ್ತಾರೆ. ನನಗೆ ಇಂಗ್ಲಿಷ್ ಬೇಕು, ಜೊತೆಗೆ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ವಚನ ಹೇಳಬೇಕು. ಎರಡೂ ಒಂದೇ ಕಡೆ ಸಿಗುವುದು ಈ ಶಾಲೆಯಲ್ಲಿ. ಆರ್‌ಟಿಇ ಸೀಟಿಗೆ ಕೇಳಿದೆ. 2019ರಲ್ಲಿ ನಿಯಮ ಬದಲಾದ ಮೇಲೆ ಹತ್ತಿರ ಸರಕಾರಿ ಶಾಲೆ ಇದ್ದವರಿಗೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಅಲ್ಲಿಗೆ ಅದು ಮುಗಿಯಿತು.

2022ರ ಜೂನ್‌ನಲ್ಲಿ ಫೀ ಕಡಿಮೆ ಮಾಡಿಸಿಕೊಳ್ಳೋಣ ಅಂತ ಶಾಲೆಯ ಆಫೀಸಿಗೆ ಹೋಗಿದ್ದೆ. ಹೋಗುವ ಮುಂಚೆ ಉಟ್ಟಿದ್ದ ಇಳಕಲ್ ಸೀರೆ ಬಿಚ್ಚಿಟ್ಟು ಹಳೆಯ ಸಿಂಥೆಟಿಕ್ ಸೀರೆ ಉಟ್ಟೆ. ಇಳಕಲ್ ಉಟ್ಟುಕೊಂಡು ಹೋಗಿ ಕಡಿಮೆ ಮಾಡಿ ಅಂದರೆ ಯಾರು ಕೇಳುತ್ತಾರೆ? ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಝೆರಾಕ್ಸ್, ಎಲ್ಲ ಒಯ್ದಿದ್ದೆ. ಒಂದೂವರೆ ತಾಸು ಬೆಂಚಿನ ಮೇಲೆ ಕೂತೆ. ಎದುರಿಗೇ ನಮ್ಮ ಖಾನಾವಳಿ ಗಿರಾಕಿಯೊಬ್ಬರು ಮಗನ ಫೀ ಕಟ್ಟಲು ಬಂದು, "ನೀವೂ ಕಟ್ಟಾಕ ಬಂದೀರೇನ್ರೀ?" ಅಂದರು. ಹೂಂ ಅಂದೆ. ಕೊನೆಗೆ 2,000 ಬಿಟ್ಟರು. ಅವರು ಕೆಟ್ಟವರಲ್ಲ. ಆದರೆ ಇನ್ನೊಂದು ಸಲ ಆ ಬೆಂಚಿನ ಮೇಲೆ ಕೂರಬಾರದು ಅಂತ ಅವತ್ತೇ ಅನಿಸಿತ್ತು. ಆಗಸ್ಟ್‌ನಲ್ಲಿ ಪಿಗ್ಮಿ ಶುರು ಮಾಡಿದೆ.

ಪಿಗ್ಮಿ ನಮ್ಮ ರಾಜ್ಯದ್ದೇ ಸಾಮಾನು, ಗೊತ್ತಾ? 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ತಮ್ಮ ಬ್ಯಾಂಕಿನಲ್ಲಿ ಶುರು ಮಾಡಿದ್ದು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಆ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಊರೂರಿನ ಸೊಸೈಟಿ, ಸೌಹಾರ್ದಗಳಲ್ಲಿ ಇನ್ನೂ ಓಡುತ್ತಿದೆ.

ಲೆಕ್ಕ ಹೀಗಿದೆ. ದಿನಕ್ಕೆ 150, ತಿಂಗಳಿಗೆ 26 ದಿನ, ಅಂದರೆ 3,900. ವರ್ಷಕ್ಕೆ 46,800. ನಮ್ಮ ಸೌಹಾರ್ದದ ಬಡ್ಡಿ ನೂರಕ್ಕೆ 4. ಹಣ ದಿನಾ ಚೂರುಚೂರೇ ಸೇರುವುದರಿಂದ ಪೂರ್ತಿ ವರ್ಷದ ಬಡ್ಡಿ ಪೂರ್ತಿ ಹಣಕ್ಕೆ ಬರುವುದಿಲ್ಲ. ಕೈಗೆ ಬರುವ ಬಡ್ಡಿ 900 ಚಿಲ್ಲರೆ. ಬಡ್ಡಿಗೋಸ್ಕರ ಪಿಗ್ಮಿ ಕಟ್ಟುತ್ತೇನೆ ಅನ್ನುವವರು ಬೇರೆ ಏನಾದರೂ ನೋಡಿಕೊಳ್ಳಿ. ನಾನು ಕಟ್ಟುವುದು ಆ ಹುಡುಗ ಬಾಗಿಲಿಗೆ ಬರುತ್ತಾನೆ ಅಂತ. ಖಾನಾವಳಿಯವರು ನನಗೆ ಹಣ ಕೊಡುವುದು ಸಂಜೆ ಐದಕ್ಕೆ. ಆರೂವರೆಗೆ ಅದರಲ್ಲಿ 150 ಮನೆ ಬಿಟ್ಟು ಹೋಗಿರುತ್ತದೆ. ಏಳಕ್ಕೆ ಬರುವ ತರಕಾರಿ ಗಾಡಿಗೂ, ಎಂಟಕ್ಕೆ ಬರುವ ನಮ್ಮವರಿಗೂ ಅದು ಕಣ್ಣಿಗೆ ಬೀಳುವುದಿಲ್ಲ.

ಮೊದಲ ವರ್ಷ ಪೆಟ್ಟು ತಿಂದೆ. ಆಗಸ್ಟ್‌ನಲ್ಲಿ ಶುರು ಮಾಡಿದ್ದೆ ಅಂದೆನಲ್ಲ, ಶಾಲೆಯವರಿಗೆ ಫೀ ಬೇಕಾಗಿದ್ದು ಮೇ ಕೊನೆಗೆ. ಹತ್ತು ತಿಂಗಳಿಗೆ 39,000 ಆಗಿತ್ತು. ಮುರಿಸಲು ಹೋದೆ. ವರ್ಷ ತುಂಬದಿದ್ದರೆ ಬಡ್ಡಿ ಇಲ್ಲ, ಮೇಲೆ ನೂರಕ್ಕೆ 3 ಕಡಿತ ಅಂದರು. 1,170 ರೂಪಾಯಿ ಹೋಯಿತು. ಏಜೆಂಟನ ಕಮಿಷನ್ ಮೊದಲೇ ಕೊಟ್ಟುಬಿಟ್ಟಿರುತ್ತಾರಂತೆ, ಅದನ್ನು ನಮ್ಮಿಂದ ಹಿಡಿದುಕೊಳ್ಳುತ್ತಾರೆ. ಆ ವರ್ಷ ಇಬ್ಬರ ಫೀ ಸೇರಿ 44,000. ನನ್ನ ಕೈಗೆ ಬಂದಿದ್ದು 37,830. ಉಳಿದ 6,170ಕ್ಕೆ ಬೆಂಡೋಲೆ ಅಡವಿಟ್ಟೆ. ಇಷ್ಟೆಲ್ಲ ಆದ ಮೇಲೆ ಪಿಗ್ಮಿ ಹುಡುಗ ಹೇಳುತ್ತಾನೆ, "ಮುರಸಬಾರದಿತ್ರೀ ಅಕ್ಕಾರ, ಪಿಗ್ಮಿ ಮ್ಯಾಲೇ ಸಾಲ ಸಿಗತಿತ್ತು." ಕಟ್ಟಿದ್ದರಲ್ಲಿ ನೂರಕ್ಕೆ 80ರಷ್ಟು ಸಾಲ ಕೊಡುತ್ತಾರಂತೆ. ಎರಡು ತಿಂಗಳ ಬಡ್ಡಿ ಕಟ್ಟಿದ್ದರೆ 700 ರೂಪಾಯಿಯ ಒಳಗೇ ಮುಗಿಯುತ್ತಿತ್ತು, ವರ್ಷ ತುಂಬಿದ ಬಡ್ಡಿಯೂ ಬರುತ್ತಿತ್ತು. ಕೌಂಟರಿನಲ್ಲಿ ಕೂತವರು ಈ ಮಾತು ಬಾಯಿಬಿಟ್ಟು ಹೇಳಲೇ ಇಲ್ಲ. ಮುರಿಸುವ ಫಾರಂ ಮಾತ್ರ ಬೇಗ ಕೊಟ್ಟರು.

ಈಗ ಜೂನ್ ಮೊದಲ ವಾರದಲ್ಲೇ ಖಾತೆ ತೆರೆಯುತ್ತೇನೆ. ಮುಂದಿನ ಜೂನ್ ಮೊದಲ ವಾರಕ್ಕೆ ವರ್ಷ ತುಂಬುತ್ತದೆ. ಒಂದು ವಾರ ತಡವಾಗುತ್ತದೆ ಅಂತ ಶಾಲೆಯವರಿಗೆ ಏಪ್ರಿಲ್‌ನಲ್ಲೇ ಹೇಳಿಬಿಡುತ್ತೇನೆ. ಒಂದೇ ಖಾತೆ ಅಲ್ಲ, ಎರಡು. 100ರದ್ದು ಒಂದು, 50ರದ್ದು ಒಂದು. ನಡುವೆ ಮನೆಯಲ್ಲಿ ಯಾರಿಗಾದರೂ ಜಡ್ಡು ಬಂದರೆ ಸಣ್ಣದನ್ನು ಮುರಿಸಿದರಾಯಿತು, ದೊಡ್ಡದಕ್ಕೆ ಕೈ ಹಾಕುವ ಹಾಗಿಲ್ಲ.

ಇನ್ನು ಆ ಚೀಟಿಗಳ ಕಥೆ. ಚೀಟಿ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಇಟ್ಟೆ, ಒಲೆಯ ಪಕ್ಕದ ಕಪಾಟಿನಲ್ಲಿ ಒಂದು ತಗಡಿನ ಡಬ್ಬಿಯಲ್ಲಿ. ಒಂದು ಸಲ ಹುಡುಗ ಹನ್ನೊಂದು ದಿನ ಬರಲಿಲ್ಲ, ಬೇರೆ ಯಾರೋ ಬಂದರು. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಎರಡು ದಿನದ 300 ರೂಪಾಯಿ ಇಲ್ಲ. ಚೀಟಿ ತೆಗೆಯೋಣ ಅಂತ ಡಬ್ಬಿ ಬಿಚ್ಚಿದರೆ ಎಲ್ಲ ಕರ್ರಗೆ, ತವೆಯ ಮೇಲೆ ಬಿಟ್ಟು ಮರೆತ ರೊಟ್ಟಿಯ ಹಾಗೆ! ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದವಂತೆ. ಅಕ್ಷರ ಬರುವುದೂ ಬಿಸಿಯಿಂದಲೇ ಅಂತೆ. ಪುಣ್ಯಕ್ಕೆ ಮಗಳು ಕ್ಯಾಲೆಂಡರಿನಲ್ಲಿ ದಿನಾ ಟಿಕ್ ಹಾಕುತ್ತಿದ್ದಳು. ಅದನ್ನೇ ಗೋಡೆಯಿಂದ ಬಿಚ್ಚಿ ಒಯ್ದೆ. ಮ್ಯಾನೇಜರ್ ನಕ್ಕರು. ಆದರೆ ಮಷಿನ್‌ನ ಲೆಕ್ಕ ತೆಗೆಸಿ ನಾಲ್ಕು ದಿನದಲ್ಲಿ 300 ಜಮಾ ಮಾಡಿದರು. ಮೆಸೇಜ್ ಬರುವ ಹಾಗೆ ಮಾಡಿ ಅಂತ ಅವತ್ತೇ ಮೊಬೈಲ್ ನಂಬರ್ ಬರೆಸಿ ಬಂದೆ. ವಾರಕ್ಕೆ ಮೂರು ದಿನ ಮೆಸೇಜ್ ಬರುತ್ತದೆ, ಮೂರು ದಿನ ಬರುವುದಿಲ್ಲ. ಈಗ ಚೀಟಿಗೆ ದಿನಾ ಒಂದು ಫೋಟೋ.

ಭಾನುವಾರ ನನ್ನ ತಮ್ಮ ಫೋನ್ ಮಾಡುತ್ತಾನೆ. ಅವನು ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಫೀ ಕಥೆ ಹೇಳಿದರೆ, "ಅಕ್ಕಾ, ನಮ್ಮ ಆಫೀಸಿನ್ಯಾಗ ಒಬ್ಬಂವ ಅದಾನ, ಅವನ ಕಥಿ ಕೇಳಬೇಕ ನೀ" ಅಂದ. ಅವನ ಜೊತೆ ಕೆಲಸ ಮಾಡುವವರೊಬ್ಬರು ಯಹೂದಿಗಳು. ನಾಲ್ಕು ಮಕ್ಕಳು. ಅಲ್ಲೂ ಸರಕಾರಿ ಶಾಲೆ ಪುಕ್ಕಟೆ, ಚೆನ್ನಾಗಿಯೂ ಇದೆಯಂತೆ. ಆದರೆ ಮಕ್ಕಳು ಹೀಬ್ರೂ ಕಲಿಯಬೇಕು, ತಮ್ಮ ಧರ್ಮಗ್ರಂಥ ತೋರಾ ಓದಬೇಕು ಅಂತ ತಮ್ಮ ಧರ್ಮದ ಶಾಲೆಗೇ ಕಳಿಸುತ್ತಾರೆ. ಅಂಥ ಶಾಲೆಗೆ ಆ ಭಾಗದಲ್ಲಿ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್ ದಾಟುವುದು ಸಾಮಾನ್ಯ. ನಾಲ್ಕರಿಂದ ಗುಣಿಸಿ ನೋಡಿ. ಫ್ಲೋರಿಡಾದಂಥ ಕೆಲವು ರಾಜ್ಯಗಳಲ್ಲಿ ಖಾಸಗಿ ಶಾಲೆಯ ಫೀಗೂ ಸರಕಾರದ ಹಣ ಸಿಗುತ್ತದೆ, ನ್ಯೂಜೆರ್ಸಿಯಲ್ಲಿ ಅಂಥದ್ದಿಲ್ಲ.

ಮತ್ತೆ ಹೇಗೆ ಕಟ್ಟುತ್ತಾರೆ? ಅಜ್ಜ ಅಜ್ಜಿ ಒಂದಿಷ್ಟು ಕೊಡುತ್ತಾರೆ. ಕೆಲವರ ಮನೆಯ ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿ ಟೀಚರ್ ಆಗಿ ಸೇರುತ್ತಾರೆ, ಫೀಯಲ್ಲಿ ರಿಯಾಯಿತಿ ಸಿಗುತ್ತದೆ ಅಂತ. ಉಳಿದವರು ಫೀ ಕಮಿಟಿಗೆ ಅರ್ಜಿ ಹಾಕಬೇಕು. ಸಂಬಳದ ಚೀಟಿ, ತೆರಿಗೆ ಕಾಗದ, ಮನೆ ಸಾಲ, ಎಲ್ಲ ತೋರಿಸಬೇಕು. ಅವರು ನೋಡಿ ಇಷ್ಟು ಕಡಿಮೆ ಮಾಡುತ್ತೇವೆ ಅನ್ನುತ್ತಾರೆ. ತಮ್ಮನ ಜೊತೆಗಾರರ ಕಾರು ಹಳೆಯದಾಗಿ ಕೆಟ್ಟು ನಿಲ್ಲುತ್ತಿದೆ, ಆದರೂ ಅರ್ಜಿ ಮುಗಿಯುವವರೆಗೆ ಹೊಸದು ಬೇಡ ಅಂತ ಹೆಂಡತಿ ತಡೆದಿದ್ದಾರಂತೆ. ಅದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. "ಯಾಕ ನಗತಿ?" ಅಂದ ತಮ್ಮ. ಇಳಕಲ್ ಸೀರೆಯ ಕಥೆ ಅವನಿಗೆ ಹೇಳಿರಲಿಲ್ಲ, ಆಗ ಹೇಳಿದೆ.

ಅವರಲ್ಲಿ ಗೆಮಾಖ್ ಅಂತ ಒಂದಿದೆ. ತಮ್ಮವರಿಂದ ಬಡ್ಡಿ ತಗೋಬಾರದು ಅಂತ ಅವರ ಧರ್ಮಗ್ರಂಥದಲ್ಲೇ ಇದೆಯಂತೆ. ಹಾಗಾಗಿ ಜನ ಹಣ ಕೂಡಿಸಿ ಇಟ್ಟು, ಬೇಕಾದವರಿಗೆ ಬಡ್ಡಿ ಇಲ್ಲದೆ ಸಾಲ ಕೊಡುತ್ತಾರೆ. ನ್ಯೂಯಾರ್ಕಿನಲ್ಲಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಅಂತ 1892ರಿಂದ ಬಡ್ಡಿಯಿಲ್ಲದ ಸಾಲ ಕೊಡುತ್ತಲೇ ಇದೆ. ನಮ್ಮೂರಿನಲ್ಲಿ ಬಡ್ಡಿ ಇಲ್ಲದ ಸಾಲ ಅಂದರೆ ತವರುಮನೆ ಒಂದೇ. ಆದರೆ ಸುಮ್ನೆ ಬೇರೆಯವರನ್ನು ಹೊಗಳುವುದೂ ಬೇಡ. ವಚನ ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು 1910ರಲ್ಲಿ ಈ ಊರಿನಲ್ಲೇ ಬಿಎಲ್‌ಡಿಇ ವಿದ್ಯಾಸಂಸ್ಥೆ ಶುರು ಮಾಡಿದರು. ಎರಡೇ ವರ್ಷಕ್ಕೆ, 1912ರಲ್ಲಿ, ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದರು. ಶಾಲೆ ಮಾಡಿದವರಿಗೇ ಬ್ಯಾಂಕೂ ಬೇಕು ಅನಿಸಿತ್ತು ನೋಡಿ.

ಬೇರೆ ದಾರಿಗಳನ್ನೂ ನೋಡಿದ್ದೇನೆ. ಶಾಲೆಯವರೇ ಒಂದು ಆ್ಯಪ್ ತೋರಿಸಿದರು, ಫೀಯನ್ನು ಹತ್ತು ಕಂತು ಮಾಡಿ ಕಟ್ಟುವುದು, ಬಡ್ಡಿ ಸೊನ್ನೆ ಅಂತ. ಪ್ರೊಸೆಸಿಂಗ್ ಫೀ ಮಾತ್ರ ಸೊನ್ನೆ ಅಲ್ಲ. ಐದನೇ ತಾರೀಕಿಗೆ ಬ್ಯಾಂಕ್ ಖಾತೆಯಿಂದ ತಾನೇ ಕತ್ತರಿಸಿಕೊಳ್ಳುತ್ತದೆ. ನನ್ನ ಹಣ ಇರುವುದು ಡಬ್ಬಿಯಲ್ಲಿ, ಬ್ಯಾಂಕಿನಲ್ಲಲ್ಲ. ಪಕ್ಕದ ಮನೆಯವರು ಸೇರಿದ್ದರು. ಒಂದು ಸಲ ಬೌನ್ಸ್ ಆಗಿದ್ದಕ್ಕೆ 590 ರೂಪಾಯಿ ಹೋಯಿತು. ಮಾರನೇ ದಿನವೇ ಅವರು ಹಣ ಹಾಕಿದ್ದರು, ಆದರೂ ಹೋಯಿತು. ತಿಂಗಳ ಸಂಬಳ ಬರುವವರಿಗೆ ಅದು ಸರಿ ಇರಬಹುದು. ನಮ್ಮ ಮೈದುನ ನೌಕರಿಯವನು, ಹಳೇ ತೆರಿಗೆ ಪದ್ಧತಿಯಲ್ಲಿ ಎರಡು ಮಕ್ಕಳ ಟ್ಯೂಷನ್ ಫೀ ತೋರಿಸಿ ತೆರಿಗೆಯನ್ನೂ ಉಳಿಸುತ್ತಾನೆ. ನಮಗೆ ಉಳಿಸಲು ತೆರಿಗೆಯೇ ಇಲ್ಲ!

ಓಣಿಯ ಹೆಂಗಸರ ಭಿಶಿಯೂ ಇದೆ, ಎಲ್ಲರೂ ಹಣ ಹಾಕಿ ಪಾಳಿ ಪ್ರಕಾರ ಒಬ್ಬೊಬ್ಬರು ಎತ್ತಿಕೊಳ್ಳುವುದು. ನನ್ನ ಪಾಳಿ ಜೂನ್‌ಗೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಜೂನ್‌ಗೆ ಬೇಕು ಅಂತ ಜಗಳ ಮಾಡುವವರು ಒಂಬತ್ತು ಜನ. ಎಲ್ಲರ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳೇ, ಅಲ್ವಾ?

ಒಂದು ಮಾತು ಜೋರಾಗಿ ಹೇಳಬೇಕು. ಸೌಹಾರ್ದ, ಪತ್ತಿನ ಸಂಘ ಇವು ಬ್ಯಾಂಕ್ ಅಲ್ಲ. ಸೌಹಾರ್ದಗಳು 1997ರ ಕಾಯ್ದೆಯ ಕೆಳಗೆ ಸದಸ್ಯರೇ ನಡೆಸುವ ಸಹಕಾರಿಗಳು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಸೌಹಾರ್ದದ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ಹುಡುಗನಿಗೆ ಕೇಳಿದರೆ, "ಏನೂ ಆಗೂದಿಲ್ರೀ, ನಮ್ಮ ಅಧ್ಯಕ್ಷರು ಭಾಳ ದೊಡ್ಡ ಮಂದಿ" ಅಂದ. ಮುಳುಗಿದ ಕಡೆಯೂ ದೊಡ್ಡ ಮಂದಿಯೇ ಇದ್ದರು ಬಿಡಿ. ಅದಕ್ಕೇ ನಾನು ಒಂದು ವರ್ಷದ ಫೀಗಿಂತ ಜಾಸ್ತಿ ಅಲ್ಲಿ ಇಡುವುದಿಲ್ಲ. ಜೂನ್‌ನಲ್ಲಿ ಪೂರ್ತಿ ತೆಗೆದು ನೇರ ಶಾಲೆಗೆ. ವರ್ಷ ತುಂಬಿದ ದಿನ, "ಎಫ್‌ಡಿ ಮಾಡ್ರಿ, ಬಡ್ಡಿ ಜಾಸ್ತಿ ಕೊಡತೀವಿ" ಅಂತ ಚಹಾ ತರಿಸಿ ಕೂರಿಸುತ್ತಾರೆ. ಚಹಾ ಕುಡಿದು ಬರುತ್ತೇನೆ.

ನಮ್ಮ ಸೌಹಾರ್ದದ ಪಿಗ್ಮಿಗೆ ಐದಕ್ಕೆ ಎಷ್ಟು ಅಂಕ ಅಂದರೆ ಮೂರೂವರೆ ಕೊಡುತ್ತೇನೆ. ಹುಡುಗನಿಗೆ ಐದಕ್ಕೆ ಐದು. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲೂ ಬಂದಿದ್ದಾನೆ, ಮಳೆಯಲ್ಲಿ ಮಷಿನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದಾನೆ. ಒಂದು ದಿನ ಹಣ ಇಲ್ಲ ಅಂದರೆ ಮುಖ ಸಿಂಡರಿಸುವುದಿಲ್ಲ, "ನಾಳಿ ಕೂಡಿಸಿ ಕೊಡ್ರಿ" ಅಂತ ಹೋಗುತ್ತಾನೆ. ಕಡಿಮೆ ಮಾಡಿದ ಒಂದೂವರೆ ಕೌಂಟರಿನಲ್ಲಿ ಕೂತವರದ್ದು.

ಹೋದ ವಾರ ಶಾಲೆಯಿಂದ ಕಾಗದ ಬಂತು. ಮಗಳು ಎಂಟನೇತ್ತೆಗೆ ಹೋದರೆ ಅವಳದ್ದೇ 31,000. ಹುಡುಗ ಬಂದಾಗ 165 ಮಾಡೋಣವಾ ಅಂತ ಕೇಳಿದೆ. ಮಷಿನ್ ಹತ್ತರ ಲೆಕ್ಕದಲ್ಲೇ ತಗೊಳ್ಳುತ್ತದಂತೆ. "160 ಮಾಡಲೋ, 170 ಮಾಡಲೋ?" ಅಂದ. ಒಳಗಿಂದ ಅತ್ತೆ 160 ಅಂದರು. ಮಗಳು 170 ಅಂದಳು. ಜೂನ್‌ನಿಂದ 170.