ಲಾರಿಗೆ ಯಾವ ಟ್ರ್ಯಾಕರ್? ಫೋನ್, ಪ್ಲಗ್, ವೈರಿಂಗ್: ಮೂರನ್ನೂ ಹಾಕಿ ನೋಡಿದ ಮೇಲೆ

ಡ್ರೈವರ್ ಇಲ್ಲದ ಲಾರಿಯ ಸುದ್ದಿ ಓದಿ ಗಾಬರಿಯಾದ ಸಣ್ಣ ಮಾಲೀಕರು ತುಂಬ ಜನ ಇದ್ದಾರೆ. ಅಮೆರಿಕದ ಅರೋರಾ ಕಂಪನಿ 2025ರಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಅಂಥ ಲಾರಿಯನ್ನು ಬಾಡಿಗೆಗೆ ಓಡಿಸಲು ಶುರುಮಾಡಿದ್ದು ನಿಜ. ಆದರೆ ನಾಲ್ಕಾರು ಗಾಡಿ ಇಟ್ಟುಕೊಂಡವರಿಗೆ ಈಗಲೇ ತಟ್ಟುತ್ತಿರುವ ಪೆಟ್ಟು ಬೇರೆ. ದೊಡ್ಡ ಫ್ಲೀಟಿನವರು ಪ್ರತಿ ಗಾಡಿಯ ಡೀಸೆಲ್, ಖಾಲಿ ಓಡಿದ ದೂರ, ಲೋಡಿಂಗ್‌ಗೆ ಕಾದ ಹೊತ್ತು ಎಲ್ಲವನ್ನೂ ಮುಂದಿಟ್ಟುಕೊಂಡು ಬಾಡಿಗೆ ಹೇಳುತ್ತಾರೆ. ನಾವು ಹೇಳುವುದು ಅಂದಾಜಿನ ಮೇಲೆ. ಈ ಅಂತರ ಮೊದಲು ಮುಚ್ಚಬೇಕು ಅನ್ನಿಸಿ ನನ್ನ ಗಾಡಿಗಳಿಗೆ ಮೂರು ಬಗೆಯ ಟ್ರ್ಯಾಕರ್, ಅಂದರೆ ಗಾಡಿ ಎಲ್ಲಿದೆ, ಹೇಗೆ ಓಡಿತು ಎಂದು ತಿಳಿಸುವ ವ್ಯವಸ್ಥೆ, ಹಾಕಿಸಿ ನೋಡಿದೆ.

ಡ್ರೈವರ್ ಫೋನಿನಲ್ಲೇ ಆ್ಯಪ್ ಹಾಕುವುದು ಎಲ್ಲಕ್ಕಿಂತ ಸುಲಭ, ಅದೇ ದಿನ ಕೆಲಸ ಶುರು. ಮಾಲು ಇಳಿಸಿದ ಕೂಡಲೇ ಸಹಿಯಾದ ರಸೀದಿಯ ಫೋಟೊ ಬಂದುಬಿಡುತ್ತದೆ, ಬಿಲ್ ಕಳಿಸಲು ಕಾಯಬೇಕಿಲ್ಲ. ಈ ಒಂದು ಅನುಕೂಲಕ್ಕೆ ಆ್ಯಪನ್ನು ಇಂದಿಗೂ ಉಳಿಸಿಕೊಂಡಿದ್ದೇನೆ. ಗಾಡಿಯ ಲೆಕ್ಕಕ್ಕೆ ಮಾತ್ರ ಅದು ಸಾಲದು. ಫೋನ್ ತೋರಿಸುವುದು ಡ್ರೈವರ್ ಎಲ್ಲಿದ್ದಾರೆ ಎಂದು. ಅವರು ಊಟಕ್ಕೆ ಇಳಿದರೆ ನಕ್ಷೆಯಲ್ಲಿ ಗಾಡಿಯೂ ಹಿಂದೆಯೇ ಹೋಗುತ್ತದೆ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತದೆ, ಆಗ ದಾರಿಯ ನಡುವೆ ಗೆರೆಯೇ ಇರುವುದಿಲ್ಲ. ಎಂಜಿನ್ ಆನ್ ಇದೆಯೋ ಆಫ್ ಇದೆಯೋ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್ ಎಂಜಿನ್ ದೋಷ ಓದಲು ಬಳಸುವ ಸಾಕೆಟ್) ಚುಚ್ಚುವ ಪ್ಲಗ್ ಸಣ್ಣ ಪಿಕಪ್‌ಗಳಿಗೆ ಒಳ್ಳೆಯದು. ಆ ಸಾಕೆಟ್‌ನ 16ನೇ ಪಿನ್‌ನಲ್ಲಿ ಬ್ಯಾಟರಿ ಕರೆಂಟು ಸದಾ ಇರುವುದರಿಂದ ವೈರ್ ಮುಟ್ಟುವ ಗೊಡವೆ ಇಲ್ಲ. ಎಂಜಿನ್ ಲೈಟ್ ಹತ್ತಿದರೆ ದೋಷ ಯಾವುದೆಂದು ಹೇಳುವ ಕೋಡ್ ನನಗೇ ಬರುತ್ತದೆ, ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲೇ ಏನು ಕೇಳಬೇಕೆಂದು ತಿಳಿದಿರುತ್ತದೆ. ಭಾರಿ ಲಾರಿಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲು ಜೆ1939 ಎಂಬ ಬೇರೆ ಭಾಷೆಯಲ್ಲಿ ಮಾತಾಡುತ್ತವೆ, ಎಷ್ಟೋ ಗಾಡಿಗಳಲ್ಲಿ ದುಂಡನೆಯ 9 ಪಿನ್ ಸಾಕೆಟ್ ಇರುತ್ತದೆ, ವಿದ್ಯುತ್ತೂ 24 ವೋಲ್ಟ್. ಕಾರಿನ ಪ್ಲಗ್ ತಂದು ಸಿಕ್ಕಿಸುವುದು ಅಲ್ಲಿ ನಡೆಯುವುದಿಲ್ಲ. ಮೇಲಾಗಿ ಮೊಣಕಾಲು ತಾಗಿದರೂ ಸಡಿಲವಾಗುವ ವಸ್ತು ಅದು, ಕಿತ್ತಿಡಬೇಕೆಂದರೆ ಒಂದು ಕ್ಷಣ ಸಾಕು.

ನನಗೆ ಒಪ್ಪಿಗೆಯಾದದ್ದು ವೈರ್ ಎಳೆದು ಕೂರಿಸುವ ಟ್ರ್ಯಾಕರ್, ಜೊತೆಗೆ ಟ್ಯಾಂಕಿಗೊಂದು ಡೀಸೆಲ್ ಸೆನ್ಸರ್. ಟ್ರ್ಯಾಕರ್‌ಗೆ ಬೇಕಿರುವುದು ಬ್ಯಾಟರಿ, ಅರ್ಥ್, ಇಗ್ನಿಷನ್ ಎಂಬ ಮೂರು ವೈರು. ಕೀ ಆನ್ ಇದೆಯೋ ಆಫ್ ಇದೆಯೋ ತಿಳಿಸುವ ಈ ಇಗ್ನಿಷನ್ ವೈರನ್ನು ಬಿಟ್ಟು ಬೇಗ ಮುಗಿಸಿ ಹೋಗುವ ಫಿಟ್ಟರ್‌ಗಳಿದ್ದಾರೆ. ಪಕ್ಕದಲ್ಲೇ ನಿಂತು ಹಾಕಿಸಿ. ಸೆನ್ಸರ್ ಅಂದರೆ ಟ್ಯಾಂಕಿನೊಳಗೆ ನೇರ ಇಳಿಯುವ ಲೋಹದ ಕೊಳವೆ. ಅದರಲ್ಲಿ ಡೀಸೆಲ್ ಎಷ್ಟು ಎತ್ತರಕ್ಕೆ ನಿಂತಿದೆಯೋ ಅದಕ್ಕೆ ತಕ್ಕಂತೆ ಸಿಗ್ನಲ್ ಬದಲಾಗುತ್ತದೆ. ಕೊಳವೆಯನ್ನು ಟ್ಯಾಂಕಿನ ಆಳಕ್ಕೆ ಕತ್ತರಿಸಿ, ಟ್ಯಾಂಕ್ ಖಾಲಿ ಮಾಡಿ, ಇಪ್ಪತ್ತಿಪ್ಪತ್ತು ಲೀಟರ್ ಅಳೆದು ಸುರಿಯುತ್ತ ಪ್ರತಿ ಹಂತದ ರೀಡಿಂಗ್ ಬರೆದುಕೊಳ್ಳಬೇಕು. ಟ್ಯಾಂಕಿನ ಅಂಚುಗಳು ದುಂಡಗಿರುವುದರಿಂದ ತಳದ ಒಂದಿಂಚಿಗೂ ನಡುವಿನ ಒಂದಿಂಚಿಗೂ ಲೀಟರ್ ಒಂದೇ ಅಲ್ಲ. ಈ ಕೆಲಸ ತಪ್ಪಿಸಿಕೊಂಡರೆ ಆಮೇಲೆ ಬರುವ ಗ್ರಾಫೆಲ್ಲ ಸುಳ್ಳು. ಡೀಸೆಲ್‌ನಲ್ಲಿ ನೀರು ಸೇರಿದರೂ ರೀಡಿಂಗ್ ಕೆಡುತ್ತದೆ.

ಸರಿಯಾಗಿ ಕೂತ ಮೇಲೆ ಗ್ರಾಫ್ ಓದುವುದು ಬೇಗ ಅಭ್ಯಾಸವಾಗುತ್ತದೆ. ಓಡುವಾಗ ಗೆರೆ ಮೆಲ್ಲಗೆ ಇಳಿಯುತ್ತದೆ, ಏರಿನಲ್ಲಿ ಡೀಸೆಲ್ ಅಲ್ಲಾಡಿ ಸ್ವಲ್ಪ ಕುಣಿಯುತ್ತದೆ. ಇಗ್ನಿಷನ್ ಆಫ್ ಇದ್ದಾಗ ಗೆರೆ ಒಮ್ಮೆಲೇ ಕುಸಿದರೆ ಟ್ಯಾಂಕ್ ನೋಡಲೇಬೇಕು. ನನ್ನಲ್ಲಿ ಹೆಚ್ಚು ಡೀಸೆಲ್ ಹೋಗುತ್ತಿದ್ದುದು ಕಳ್ಳತನದಲ್ಲಲ್ಲ, ಲೋಡಿಂಗ್ ಸಾಲಿನಲ್ಲಿ ಎಂಜಿನ್ ಆಫ್ ಮಾಡದೆ ನಿಲ್ಲಿಸಿದ್ದರಲ್ಲಿ. ಭಾರಿ ಎಂಜಿನ್ ಸುಮ್ಮನೆ ನಿಂತಲ್ಲೇ ಗಂಟೆಗೆ ಹೆಚ್ಚುಕಡಿಮೆ 3 ಲೀಟರ್ ಕುಡಿಯುತ್ತದೆ. ಈ ಲೆಕ್ಕವನ್ನು ಡ್ರೈವರ್‌ಗಳಿಗೇ ಮೊದಲು ತೋರಿಸಿ, ಉಳಿದ ಹಣದಲ್ಲಿ ಅವರಿಗೂ ಪಾಲು ಕೊಟ್ಟೆ. ಹಿಂದಿನಿಂದ ಕಾವಲು ಕಾಯುವ ಯಂತ್ರ ಅಂತ ಅವರಿಗೆ ಅನ್ನಿಸಿದರೆ ಯಾವ ಸೆನ್ಸರೂ ಹೆಚ್ಚು ದಿನ ಬಾಳುವುದಿಲ್ಲ. ಇದನ್ನು ನಾನು ತಂತ್ರಜ್ಞಾನಕ್ಕಿಂತ ಮುಖ್ಯ ಅಂತ ತಿಳಿದಿದ್ದೇನೆ.

ಇನ್ನೊಂದು ಮಾತು, ಮಾಹಿತಿ ಯಾರ ಕೈಯಲ್ಲಿರುತ್ತದೆ ಎಂಬುದು. ನಾನು ನೋಡಿದ ಒಂದು ಸೇವೆ ವರದಿಯನ್ನು ಪಿಡಿಎಫ್‌ನಲ್ಲಿ ಮಾತ್ರ ಕೊಡುತ್ತಿತ್ತು, ಚಂದಾ ನಿಲ್ಲಿಸಿದರೆ ಹಳೆಯದೂ ಮಾಯ. ಎಲ್ಲ ಟ್ರಿಪ್‌ಗಳ ಲೆಕ್ಕ ಎಕ್ಸೆಲ್‌ಗೆ ಇಳಿಯುತ್ತದೆಯೇ ಎಂದು ಸಹಿಗೆ ಮುಂಚೆ ಕೇಳಿ, ಎದುರಿಗೇ ಇಳಿಸಿ ತೋರಿಸಲು ಹೇಳಿ. ಬಾಡಿಗೆ ಹೇಳುವಾಗ ನಮಗೆ ಬಲ ಕೊಡುವುದು ಅದೇ ಹಳೆಯ ಲೆಕ್ಕ.

ಸ್ವಂತ ಗಾಡಿಯನ್ನು ತಾವೇ ಓಡಿಸುವವರಿಗೆ ಇಷ್ಟೆಲ್ಲ ಬೇಡ. ಫೋನ್ ಆ್ಯಪ್, ಟ್ಯಾಂಕ್ ತುಂಬಿಸಿದಾಗಲೆಲ್ಲ ಓಡೋಮೀಟರ್ ಬರೆದಿಡುವ ಒಂದು ಪುಸ್ತಕ ಸಾಕು. ಎರಡನೇ ಗಾಡಿಗೆ ಬೇರೆ ಡ್ರೈವರ್ ಬಂದಾಗ ವೈರಿಂಗ್ ಟ್ರ್ಯಾಕರ್ ಹಾಕಿಸಿ. ಡೀಸೆಲ್ ಸೆನ್ಸರನ್ನು ಮಾತ್ರ ಹೆಚ್ಚು ದೂರ ಓಡುವ ಗಾಡಿಯಿಂದ ಶುರುಮಾಡಿ.