ಜಿಪ್ಸಿಗೆ ಸೂಪರ್‌ಚಾರ್ಜರ್: ಮಡಿಕೇರಿಯಲ್ಲಿ ಗೆದ್ದ ಟ್ಯೂನಿಂಗ್ ಸಂಪಾಜೆಯಲ್ಲಿ ಸೋತಿತು

ಜೋರು ಮಳೆಗಾಲದಲ್ಲಿ ತೋಟದ ಕೆಲಸ ಅರ್ಧಕ್ಕರ್ಧ ನಿಂತಿರುತ್ತದೆ. ಆ ಬಿಡುವಿನಲ್ಲಿ ಎರಡು ವರ್ಷ ನನ್ನ ಹಳೇ ಎಂಪಿಎಫ್ಐ ಜಿಪ್ಸಿಯ ಎಂಜಿನ್ ಬಿಚ್ಚಿಕೊಂಡು ಶೆಡ್ಡಿನಲ್ಲಿ ಕೂತಿದ್ದೆ. 1298 ಸಿಸಿ, 16 ವಾಲ್ವ್, ಕಂಪನಿ ಲೆಕ್ಕದಲ್ಲಿ 80 ಬಿಎಚ್‌ಪಿ. ಅದಕ್ಕೆ ಐಸಿನ್ ಎಎಂಆರ್500 ಅನ್ನುವ ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು, ಕೂರಿಸಿದೆ. ಮೊದಲ ವರ್ಷ ಪೆಟ್ರೋಲ್, ಸ್ಪಾರ್ಕ್ ನಿಯಂತ್ರಿಸುವ ಕಂಪನಿಯ ಕಂಪ್ಯೂಟರನ್ನು (ಇಸಿಎಂ) ಹಾಗೇ ಬಿಟ್ಟು, ಗಾಳಿಯ ಒತ್ತಡ ಏರಿದ ಹಾಗೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ರೆಗ್ಯುಲೇಟರ್ ಹಾಕಿದೆ. ಎರಡನೇ ವರ್ಷ ಇಸಿಎಂ ಕಿತ್ತು ಸ್ಪೀಡುಯಿನೋ ಹಾಕಿದೆ. ಅದೂ ಅಂಥದ್ದೇ ಕಂಪ್ಯೂಟರ್, ಆದರೆ ಆರ್ಡುಯಿನೋ ಅನ್ನುವ ಚಿಕ್ಕ ಬೋರ್ಡಿನ ಮೇಲೆ ಓಡುವ, ನಾವೇ ತಿದ್ದಿಕೊಳ್ಳಬಹುದಾದ ಓಪನ್ ಸೋರ್ಸ್.

ಮೊದಲೇ ಹೇಳಿಬಿಡುತ್ತೇನೆ, ಇದು ರಸ್ತೆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ನನ್ನ ಗಾಡಿ ಓಡುವುದು ತೋಟದೊಳಗೆ ಮಾತ್ರ.

ಎಂಜಿನ್ ಕೆಲಸದಲ್ಲೂ ಎರಡು ದಾರಿ ನೋಡಿದೆ, ಆದರೆ ಅಲ್ಲಿ ಚರ್ಚೆಗೆ ಜಾಗವೇ ಇಲ್ಲ. ಮೊದಲ ಸಲ ಡ್ರಿಲ್ಲಿಗೆ ಹೋನ್ ಅನ್ನುವ ಉಜ್ಜುವ ಕಲ್ಲು ಸಿಕ್ಕಿಸಿ ಮನೆಯಲ್ಲೇ ಬೋರ್ (ಪಿಸ್ಟನ್ ಓಡುವ ಕೊಳವೆ) ಉಜ್ಜಿ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದೆ. ಸವೆದು ಓವಲ್ ಆದ ಬೋರ್ ಉಜ್ಜಿದರೆ ದುಂಡಗಾಗುತ್ತದಾ? ಎಣ್ಣೆ ಸುಡುವ ನೀಲಿ ಹೊಗೆ ನಿಲ್ಲಲೇ ಇಲ್ಲ. ಎರಡನೇ ಸಲ ಮೈಸೂರಿಗೆ ಒಯ್ದು ಬೋರನ್ನು 0.50 ಮಿ.ಮೀ. ದೊಡ್ಡದಾಗಿ ಕೊರೆಸಿದೆ (ಓವರ್‌ಸೈಜ್ ಬೋರಿಂಗ್), ಹೊಗೆ ಹೋಯಿತು. ರಿಂಗ್ ಗ್ಯಾಪ್, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಸಂದು, ಮಾತ್ರ ಮನೆಯಲ್ಲೇ ನೋಡಿಕೊಂಡೆ. ಒತ್ತಡದ ಎಂಜಿನ್ನಿನಲ್ಲಿ ರಿಂಗ್ ಜಾಸ್ತಿ ಬಿಸಿಯಾಗಿ ಹಿಗ್ಗುತ್ತದೆ, ಅದಕ್ಕೇ 0.38 ಮಿ.ಮೀ. ಬಿಟ್ಟೆ. ಇನ್ನೊಂದು ಮಾತು, ಆಗಷ್ಟೇ ಬೋರ್ ಮಾಡಿದ ಬ್ಲಾಕನ್ನು ನಮ್ಮ ಜುಲೈನಲ್ಲಿ ಒಂದು ರಾತ್ರಿ ಸುಮ್ನೆ ಇಟ್ಟರೂ ಬೆಳಿಗ್ಗೆಗೆ ಕೆಂಪು ತುಕ್ಕು. ತಂದ ಕೂಡಲೇ ಎಣ್ಣೆ ಸವರಿ.

ಈಗ ಟ್ಯೂನಿಂಗ್ ವಿಷಯ. ರೆಗ್ಯುಲೇಟರ್ ದಾರಿ ಬಹಳ ಸುಲಭ. ಒಂದು ಭಾನುವಾರದಲ್ಲಿ ಕೂರಿಸಿದೆ. ಮಡಿಕೇರಿಯ ತೋಟದಲ್ಲಿ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದರೂ ಲ್ಯಾಂಬ್ಡಾ ಮೀಟರ್ 0.82 ತೋರಿಸಿತು. ಈ ಮೀಟರಿನಲ್ಲಿ 1 ಅಂದರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಸ್ವಲ್ಪ ಧಾರಾಳ. 0.82 ಒತ್ತಡದ ಎಂಜಿನ್ನಿಗೆ ಬೇಕಾದಷ್ಟೇ. ಇಷ್ಟಕ್ಕೇ ಗೆದ್ದೆ ಅಂದುಕೊಂಡೆ.

ಆಮೇಲೆ ಘಾಟಿ ಕೆಳಗಿನ ಸಂಪಾಜೆ ಕಡೆಯ ಭಾವನ ರಬ್ಬರ್ ತೋಟಕ್ಕೆ ಗಾಡಿಯನ್ನು ಲಾರಿ ಹತ್ತಿಸಿ ಒಯ್ದೆ. "ಏನು ಭಾವ, ಓಡೋ ಜಿಪ್ಸೀನ ಹೊತ್ಕೊಂಡು ಬಂದಿದ್ದೀರಾ?" ಅಂತ ನಕ್ಕರು. ಅಲ್ಲಿನ ಏರಿನಲ್ಲಿ ಎರಡನೇ ಸುತ್ತಿಗೇ ಕಟಕಟ ಶುರು, ನಾಕಿಂಗ್, ಅಂದರೆ ಪೆಟ್ರೋಲ್ ಮಿಶ್ರಣ ಒಳಗೆ ತಾನಾಗಿ ಸಿಡಿಯುವುದು. ಮೀಟರ್ ನೋಡಿದರೆ 0.90, ಪೆಟ್ರೋಲ್ ಸಾಲುತ್ತಿಲ್ಲ. ಕಾಲು ತೆಗೆಯುವಷ್ಟರಲ್ಲಿ ಮೂರನೇ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆದಿತ್ತು. ವಾಪಸ್ಸು ಬರುವಾಗಲೂ ಲಾರಿ ಮೇಲೇ, ಈ ಸಲ ಯಾರೂ ನಗಲಿಲ್ಲ.

ಕಾರಣ ಹುಡುಕಲು ವಾರ ಬೇಕಾಯಿತು. ಮಡಿಕೇರಿ ಇರುವುದು 1100 ಮೀಟರಿಗಿಂತ ಮೇಲೆ, ಗಾಳಿಯ ಒತ್ತಡ ಅಲ್ಲಿ ಸುಮಾರು 0.88 ಬಾರ್. ಸಂಪಾಜೆಯಲ್ಲಿ ಒಂದು ಬಾರ್ ಹತ್ತಿರ. ಸೂಪರ್‌ಚಾರ್ಜರ್ ಬೆಲ್ಟಿನಲ್ಲಿ ತಿರುಗುವ ಪಂಪು, ಪ್ರತಿ ಸುತ್ತಿಗೂ ಅಷ್ಟೇ ಗಾತ್ರದ ಗಾಳಿ ತಳ್ಳುತ್ತದೆ. ಕೆಳಗೆ ಗಾಳಿಯೇ ದಟ್ಟ, ಹಾಗಾಗಿ ಎಂಜಿನ್ನಿಗೆ ಹೋಗುವ ಗಾಳಿ ಶೇ. 12ರಷ್ಟು ಜಾಸ್ತಿ. ಆದರೆ ರೆಗ್ಯುಲೇಟರ್ ನೋಡುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಅನ್ನುವುದನ್ನು ಮಾತ್ರ. ಆ ವ್ಯತ್ಯಾಸ ಮೇಲೆ 0.40 ಬಾರ್, ಕೆಳಗೆ 0.45. ಅಷ್ಟಕ್ಕೆ ಅದು ಸೇರಿಸುವ ಪೆಟ್ರೋಲ್ ಶೇ. 2 ಕೂಡ ಇಲ್ಲ. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಕಂಪನಿಯ ಮ್ಯಾಪ್ ಸೆನ್ಸರ್ ಒಂದು ಬಾರ್ ಹತ್ತಿರ ಬಂದರೆ ಮುಂದೆ ಕುರುಡು. ಪಾಪ, ಇಸಿಎಂಗೆ ಏನೂ ಗೊತ್ತೇ ಆಗಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಸ್ಪಾರ್ಕಿನದು. ಒತ್ತಡ ಏರಿದಾಗ ಸ್ಪಾರ್ಕ್ ತಡವಾಗಬೇಕು, ರೆಗ್ಯುಲೇಟರಿಗೆ ಆ ಕೆಲಸ ಬರುವುದೇ ಇಲ್ಲ.

ಸ್ಪೀಡುಯಿನೋಗೆ ಎರಡೂವರೆ ಬಾರ್ ಸೆನ್ಸರ್ ಕೊಟ್ಟೆ. ಅದು ಒಳಗಿನ ಪೂರ್ತಿ ಒತ್ತಡವನ್ನೇ ಅಳೆಯುತ್ತದೆ, ಊರು ಯಾವುದಾದರೂ ಅದಕ್ಕೆ ಒಂದೇ. ಎಂಜಿನ್ ಎಷ್ಟು ತಿರುಗಿದೆ ಅಂತ ತಿಳಿಸಲು ಕ್ರ್ಯಾಂಕ್ ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಕಡಿಮೆ ಇರುವ ಚಕ್ರ, ದೊಡ್ಡ ಇಂಜೆಕ್ಟರ್, ಹೊಸ ವೈರಿಂಗ್, ಖರ್ಚು ದುಪ್ಪಟ್ಟು ದಾಟಿತು. ಒಂದು ತಿಂಗಳು ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಮನೆಯಾಕೆಯಿಂದ ಬೈಸಿಕೊಂಡೆ. ಆದರೆ ಅದೇ ರಬ್ಬರ್ ತೋಟದ ಏರಿನಲ್ಲಿ ಮೀಟರ್ 0.81ರಲ್ಲೇ ನಿಂತಿತು, ಕಟಕಟ ಇಲ್ಲ. ಪೆಟ್ರೋಲಿನಲ್ಲಿ ಈಗ ಶೇ. 20 ಎಥನಾಲ್ ಇರುವುದರಿಂದ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ (ತೂಕದಲ್ಲಿ) ಅನ್ನುವ ಹಳೇ ಲೆಕ್ಕ ನಡೆಯುವುದಿಲ್ಲ. ಮೀಟರನ್ನು ಲ್ಯಾಂಬ್ಡಾದಲ್ಲೇ ಇಟ್ಟುಕೊಂಡರೆ ಆ ತಲೆನೋವಿಲ್ಲ.

ಗಾಡಿ ಒಂದೇ ತೋಟ ಬಿಟ್ಟು ಕದಲುವುದಿಲ್ಲ, ಒತ್ತಡವೂ 0.2 ಬಾರ್ ದಾಟುವುದಿಲ್ಲ ಅನ್ನುವವರಿಗೆ ರೆಗ್ಯುಲೇಟರ್ ಸಾಕಾಗಬಹುದು. ಘಾಟಿ ಇಳಿಯುವವರಿಗೆ ನಾನಂತೂ ಹೇಳುವುದಿಲ್ಲ.

ಸ್ಪೀಡುಯಿನೋ ಒಂದು ಕಡೆ ಮಾತ್ರ ಇನ್ನೂ ಸೋಲುತ್ತಿದೆ. ಡಿಸೆಂಬರಿನ ಚಳಿಯಲ್ಲಿ, ಮಂಜು ಹರಿಯುವ ಮುಂಚೆ, ಕಂಪನಿಯ ಇಸಿಎಂ ಇದ್ದಾಗ ಎಂಜಿನ್ ಒಂದೇ ಸಲ ಕೀ ತಿರುಗಿಸಿದರೆ ಎದ್ದು ಕೂರುತ್ತಿತ್ತು. ಇದಕ್ಕೆ ಮೂರು ಸಲ ಕೀ ತಿರುಗಿಸಬೇಕು. ತಣ್ಣಗಿನ ಎಂಜಿನ್ ಎಬ್ಬಿಸಲು ಎಷ್ಟು ಪೆಟ್ರೋಲ್ ಬೇಕು ಅನ್ನುವ ಕೋಲ್ಡ್ ಸ್ಟಾರ್ಟ್ ಟೇಬಲ್ ತುಂಬಲು ದಿನಕ್ಕೆ ಒಂದೇ ಅವಕಾಶ. ಒಮ್ಮೆ ಎಂಜಿನ್ ಬಿಸಿಯಾಯಿತು ಅಂದರೆ ಮತ್ತೆ ಮರುದಿನ ಬೆಳಿಗ್ಗೆಯೇ ನೋಡಬೇಕು, ಅಲ್ವಾ?