ಬಾಡಿ ಕ್ಯಾಪ್, ಬೆಂಕಿಪೊಟ್ಟಣ, ತಗಡಿನ ಡಬ್ಬಿ: ಮನೆಯೊಳಗಿನ ಪಿನ್‌ಹೋಲ್‌ಗೆ ಯಾವುದು ಸರಿ?

ಮನೆಯಲ್ಲೇ ಪಿನ್‌ಹೋಲ್ ಫೋಟೋ, ಅಂದರೆ ಲೆನ್ಸ್ ಬದಲು ಸೂಜಿಮೊನೆಯಷ್ಟು ತೂತಿನಿಂದ ಬೆಳಕು ಹಾಯಿಸಿ ಚಿತ್ರ, ತೆಗೆಯಲು ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಡಿಜಿಟಲ್ ಕ್ಯಾಮೆರಾದ ಲೆನ್ಸ್ ಬಿಚ್ಚಿ ತೂತು ಮಾಡಿದ ಬಾಡಿ ಕ್ಯಾಪ್ (ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ) ಹಾಕಬಹುದು, 35 ಎಂಎಂ ಫಿಲ್ಮನ್ನು ಬೆಂಕಿಪೊಟ್ಟಣದೊಳಗೆ ಹಾಯಿಸಬಹುದು, ಇಲ್ಲವೇ ಬಿಸ್ಕತ್ತಿನ ಡಬ್ಬಿಯೊಳಗೆ ಕಪ್ಪು-ಬಿಳುಪು ಫೋಟೋ ಪೇಪರ್ ಅಂಟಿಸಬಹುದು. ತತ್ವ ಮೂರಕ್ಕೂ ಒಂದೇ. ಆದರೂ ಒಂದೇ ಕಿಟಕಿಯ ಪಕ್ಕ ಮೂರನ್ನೂ ಇಟ್ಟು ತೆಗೆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಚಿತ್ರಗಳು ಬರುತ್ತವೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಮನೆಮಂದಿಯ ಚಿತ್ರ ಬೇಕಾದರೆ ಬಾಡಿ ಕ್ಯಾಪ್ ಅಥವಾ ಬೆಂಕಿಪೊಟ್ಟಣ, ಮನೆಯ ಚಿತ್ರ ಬೇಕಾದರೆ ಡಬ್ಬಿ. ಎಷ್ಟು ಹೊತ್ತು ಕದಲದೆ ಇರಬೇಕು, ಚಿತ್ರ ಬೀಳುವ ಜಾಗ ಎಷ್ಟು ದೊಡ್ಡದು ಎಂಬ ಎರಡು ಲೆಕ್ಕದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಯಾವುದನ್ನೇ ಆರಿಸಿ, ತೂತು ಚೆನ್ನಾಗಿರಬೇಕು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ಗೋಡೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಇದಕ್ಕೆ ಅಷ್ಟು ಸಾಕು. ಎರಡು ಸೆಂ.ಮೀ. ಚೌಕ ಕತ್ತರಿಸಿ, ದಪ್ಪ ರಟ್ಟಿನ ಮೇಲಿಟ್ಟು, ಸಣ್ಣ ಸೂಜಿಯ ಮೊನೆಯಿಂದ ಒತ್ತಿ ಗುಳಿ ಮಾತ್ರ ಬೀಳಿಸಿ, ಆರುಪಾರು ಚುಚ್ಚಬೇಡಿ. ತಗಡನ್ನು ತಿರುಗಿಸಿ, ಹಿಂದೆ ಉಬ್ಬಿದ ಜಾಗವನ್ನು 600 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಉಜ್ಜುತ್ತಾ ಹೋದಂತೆ ಒಂದು ಕಣ ಬೆಳಕು ಕಾಣಿಸುತ್ತದೆ. ಆಗ ಸೂಜಿಯ ಮೊನೆಯನ್ನು ಆಚೆಯಿಂದ ಹಾಕಿ ಮೆಲ್ಲಗೆ ತಿರುಗಿಸಿ, ಮತ್ತೆ ಎರಡೂ ಕಡೆ ಉಜ್ಜಿ. ಒಂದೇ ಏಟಿಗೆ ಚುಚ್ಚಿದ ತೂತಿನ ಅಂಚಿನಲ್ಲಿ ಚೂರುಗಳು ಎದ್ದಿರುತ್ತವೆ, ಬೆಳಕು ಅವಕ್ಕೆ ತಾಗಿ ಚದುರಿ ಇಡೀ ಚಿತ್ರಕ್ಕೆ ಮಂಜು ಕವಿಯುತ್ತದೆ. ಅಳೆಯಲು ಸ್ಕ್ಯಾನರ್ ಸಾಕು: 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 0.3 ಮಿ.ಮೀ. ತೂತು ಸುಮಾರು 28 ಪಿಕ್ಸೆಲ್ ಅಗಲ ಕಾಣಬೇಕು. ಅದೇ ಸ್ಕ್ಯಾನಿನಲ್ಲಿ ತೂತು ದುಂಡಗಿದೆಯೇ, ಮೊಟ್ಟೆಯಾಕಾರ ತಾಳಿದೆಯೇ ಎಂಬುದೂ ಗೊತ್ತಾಗುತ್ತದೆ. ಕೊನೆಗೆ ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿಯಿರಿ.

ತೂತು ಎಷ್ಟು ದೊಡ್ಡದಿರಬೇಕು ಎಂಬುದನ್ನು ತೂತಿನಿಂದ ಫಿಲ್ಮಿಗಿರುವ ದೂರ ನಿರ್ಧರಿಸುತ್ತದೆ. ದೂರವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು 0.00055ರಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. 15 ಮಿ.ಮೀ. ದೂರಕ್ಕೆ 0.17, 45ಕ್ಕೆ 0.3, 100ಕ್ಕೆ 0.45 ಮಿ.ಮೀ. ಬರುತ್ತದೆ. ತೂತು ಸಣ್ಣದಾದಷ್ಟೂ ಚಿತ್ರ ಚೂಪಾಗುತ್ತದೆ ಎಂದುಕೊಂಡವರು ಬಹಳ. ಒಂದು ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲಿ ಬಾಗಿ ಹರಡುತ್ತದೆ, ಚಿತ್ರ ಮತ್ತೆ ಮಸುಕಾಗುತ್ತದೆ. ದೂರವನ್ನು ತೂತಿನ ವ್ಯಾಸದಿಂದ ಭಾಗಿಸಿದರೆ ಎಫ್ ನಂಬರ್, ಅದು ದೊಡ್ಡದಾದಷ್ಟೂ ಬೆಳಕು ಕಡಿಮೆ. ಎಕ್ಸ್‌ಪೋಷರ್, ಅಂದರೆ ಎಷ್ಟು ಹೊತ್ತು ಬೆಳಕು ಬಿಡಬೇಕು ಎಂಬ ಲೆಕ್ಕಕ್ಕೆ ಬೇಕಾದ್ದು ಅದೇ.

ಈಗ ಬಾಡಿ ಕ್ಯಾಪ್. ಕ್ಯಾಪಿನ ನಡುವೆ 6ರಿಂದ 8 ಮಿ.ಮೀ. ರಂಧ್ರ ಕೊರೆದು, ಪ್ಲಾಸ್ಟಿಕ್ ಪುಡಿಯನ್ನು ಒಂದು ಚೂರೂ ಬಿಡದೆ ತೊಳೆದು ಒಣಗಿಸಿ, ತಗಡನ್ನು ಹೊರಗಡೆಯಿಂದ ಕಪ್ಪು ಟೇಪಿನಲ್ಲಿ ಅಂಟಿಸಿ. ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಮೌಂಟಿನಿಂದ, ಅಂದರೆ ಲೆನ್ಸ್ ಕೂರುವ ಬಳೆಯಿಂದ, ಸೆನ್ಸರ್‌ಗೆ ಇರುವ ದೂರ ಕ್ಯಾನನ್ ಇಎಫ್‌ಗೆ 44, ನಿಕಾನ್ ಎಫ್‌ಗೆ 46.5 ಮಿ.ಮೀ. ಹಾಗಾಗಿ 0.3 ಮಿ.ಮೀ. ತೂತು, ಎಫ್/150. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ತೀರಾ ಕಡಿಮೆ (ಸೋನಿ ಇ ಮೌಂಟ್‌ಗೆ 18 ಮಿ.ಮೀ.), ತೂತು 0.19ಕ್ಕೆ ಇಳಿಯುತ್ತದೆ, ನೋಟ ಬಹಳ ಅಗಲವಾಗುತ್ತದೆ, ಮೂಲೆಗಳು ಕಪ್ಪಾಗುತ್ತವೆ. ಕ್ಯಾಮೆರಾಗೂ ಕ್ಯಾಪಿಗೂ ನಡುವೆ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ (ಟೊಳ್ಳು ಕೊಳವೆ) ಹಾಕಿದರೆ ದೂರ ಹೆಚ್ಚುತ್ತದೆ. ಆಗ ತೂತನ್ನೂ ಲೆಕ್ಕಕ್ಕೆ ತಕ್ಕಂತೆ ಬದಲಿಸಬೇಕು. ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಚಾಲೂ ಮಾಡದಿದ್ದರೆ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಗುಂಡಿ ಒತ್ತಿದರೂ ಸುಮ್ಮನಿರುತ್ತವೆ.

ಎಫ್/150ರಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗದ ಅಳತೆ) 100 ಇಟ್ಟರೆ ಬಿರುಬಿಸಿಲಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಕಡಿಮೆ, ತೆರೆದ ನೆರಳಿಗೆ 5-6 ಸೆಕೆಂಡು. ಕಿಟಕಿ ಪಕ್ಕದ ಮುಖಕ್ಕೆ ಅದೇ ಐಎಸ್‌ಒನಲ್ಲಿ ಒಂದೂವರೆ ನಿಮಿಷ ಬೇಕು. 1600ಕ್ಕೆ ಏರಿಸಿದರೆ 5-6 ಸೆಕೆಂಡಿಗೆ ಇಳಿಯುತ್ತದೆ. ದೊಡ್ಡವರು ಅಷ್ಟು ಹೊತ್ತು ಕದಲದೆ ಕೂರಬಲ್ಲರು. ತಪ್ಪಿದರೆ ಪರದೆಯಲ್ಲಿ ನೋಡಿ ಕೂಡಲೇ ಮತ್ತೊಂದು ತೆಗೆಯಬಹುದು, ಇದರ ನಿಜವಾದ ಬಲ ಇದೇ. ತೊಂದರೆಗಳಲ್ಲಿ ಮೊದಲನೆಯದು ಧೂಳು. ಇಷ್ಟು ಕಿರಿದಾದ ತೂತಿನಲ್ಲಿ ಸೆನ್ಸರ್ ಮೇಲಿನ ಪ್ರತಿ ಕಣವೂ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ, ಲೆನ್ಸ್ ಹಾಕಿದಾಗ ಅದೇ ಸೆನ್ಸರ್ ಸ್ವಚ್ಛವಾಗಿ ತೋರಿದ್ದರೂ. ಮೊದಲು ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಚುಕ್ಕೆಗಳನ್ನು ನೋಡಿಕೊಂಡು, ಗಾಳಿ ಬ್ಲೋವರ್‌ನಿಂದ ಊದಿ. ಡಿಎಸ್‌ಎಲ್‌ಆರ್ ಆದರೆ ಎಕ್ಸ್‌ಪೋಷರ್ ನಡೆಯುವಾಗ ವ್ಯೂಫೈಂಡರ್ ಮುಚ್ಚಿ, ಹಿಂದಿನಿಂದ ನುಸುಳುವ ಬೆಳಕು ಚಿತ್ರದ ಮೇಲೆ ಪಟ್ಟೆಯಾಗಿ ಬೀಳಬಹುದು.

ಧೂಳನ್ನು ಊದಿ ಓಡಿಸಬಹುದು, ಅಳತೆಯನ್ನು ಏನೂ ಮಾಡಲಾಗದು. ಒಂದು ಬಿಂದುವಿನ ಬೆಳಕು ಸೆನ್ಸರ್ ಮೇಲೆ ಹೆಚ್ಚುಕಡಿಮೆ ತೂತಿನಷ್ಟೇ ಅಗಲದ ಮಚ್ಚೆಯಾಗಿ ಬೀಳುತ್ತದೆ. 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್ ಮೇಲೆ 0.3 ಮಿ.ಮೀ.ನ ಮಚ್ಚೆಗಳು ಅಕ್ಕಪಕ್ಕ ಹಿಡಿಸುವುದು 120 ಮಾತ್ರ. ಸೆನ್ಸರ್‌ನಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್ ಇದ್ದರೂ ಅಷ್ಟೇ. ಸಣ್ಣ ಎಪಿಎಸ್-ಸಿ ಸೆನ್ಸರ್ ಆದರೆ 80ಕ್ಕೂ ಕಡಿಮೆ. ಮುಖ ಗುರುತು ಸಿಗುತ್ತದೆ, ರೆಪ್ಪೆಗೂದಲು ಸಿಗುವುದಿಲ್ಲ. ಎಡಿಟಿಂಗ್‌ನಲ್ಲಿ ಎಷ್ಟು ಶಾರ್ಪ್ ಮಾಡಿದರೂ ಇಲ್ಲದ ವಿವರ ಬರದು.

ಬೆಂಕಿಪೊಟ್ಟಣ ನೋಡಲು ಆಟಿಕೆ. ಮನೆಯೊಳಗೆ ಅದು ಬಾಡಿ ಕ್ಯಾಪಿಗೆ ಸರಿಸಮ ನಿಲ್ಲುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಲೆಕ್ಕ ಹಾಗೇ ಇದೆ. ಪೊಟ್ಟಣದ ಆಳ ಸುಮಾರು 15 ಮಿ.ಮೀ.; 0.2 ಮಿ.ಮೀ. ತೂತಿಗೆ ಎಫ್/75. ಅಂದರೆ ಬಾಡಿ ಕ್ಯಾಪಿಗಿಂತ ಎರಡು ಸ್ಟಾಪ್ ಹೆಚ್ಚು ಬೆಳಕು (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು). ಒಳಗಿನ ಟ್ರೇಯ ತಳದಲ್ಲಿ 24 ಮಿ.ಮೀ. ಚೌಕದ ಕಿಂಡಿ ಕತ್ತರಿಸಿ, ಒಳಗೆಲ್ಲ ಕಪ್ಪು ಬಳಿದು, ಹೊರಕವಚದ ಎದುರು ಬದಿಯ ನಟ್ಟನಡುವೆ ತಗಡು ಅಂಟಿಸಿ. ಫಿಲ್ಮ್ ಹಾಯುವುದು ಟ್ರೇಯ ತಳಕ್ಕೂ ಕವಚಕ್ಕೂ ನಡುವೆ. ಒಂದು ಬದಿಗೆ ಹೊಸ ರೋಲ್, ಇನ್ನೊಂದು ಬದಿಗೆ ಬಾಲ ಹೊರಗೆ ಉಳಿದಿರುವ ಖಾಲಿ ರೋಲ್. ಎರಡರ ಫಿಲ್ಮನ್ನೂ ಟೇಪಿನಲ್ಲಿ ಜೋಡಿಸಿ, ಸಂದುಗಳನ್ನೆಲ್ಲ ಕಪ್ಪು ಎಲೆಕ್ಟ್ರಿಕ್ ಟೇಪಿನಿಂದ ಎರಡು ಸುತ್ತು ಸುತ್ತಿ. ಸ್ಪೈರಲ್ ಬೈಂಡಿಂಗ್‌ನ ಪ್ಲಾಸ್ಟಿಕ್ ಚೂರನ್ನು ಚೂಪಾಗಿ ಕತ್ತರಿಸಿ, ಫಿಲ್ಮಿನ ಅಂಚಿನ ತೂತುಗಳಿಗೆ ತಾಗುವಂತೆ ಅಂಟಿಸಿದರೆ ಪ್ರತಿ ತೂತಿಗೂ ಟಿಕ್ ಎನ್ನುತ್ತದೆ. ಆರು ಟಿಕ್ ಎಂದರೆ 28.5 ಮಿ.ಮೀ., ಅಂದರೆ ಒಂದು ಚೌಕ ಚಿತ್ರ ಮತ್ತು ಸ್ವಲ್ಪ ಅಂತರ. ಟಿಕ್ ಇಲ್ಲದೆ ಅಂದಾಜಿನಲ್ಲಿ ಸುತ್ತಿದರೆ ಮೊದಲು ಅಂತರ ಸರಿ ಇದ್ದದ್ದು ಕೊನೆಗೆ ದೊಡ್ಡದಾಗುತ್ತದೆ, ಏಕೆಂದರೆ ಫಿಲ್ಮ್ ಸೇರಿದಂತೆ ಸುರುಳಿ ದಪ್ಪವಾಗಿ ಒಂದೇ ಸುತ್ತಿಗೆ ಹೆಚ್ಚು ಫಿಲ್ಮ್ ಎಳೆಯುತ್ತದೆ.

ಫಿಲ್ಮ್ ಯಾವುದು ಹಾಕುತ್ತೀರಿ ಎಂಬುದು ಇಲ್ಲಿ ನಿರ್ಣಾಯಕ. ಕಿಟಕಿ ಪಕ್ಕಕ್ಕೆ ಐಎಸ್‌ಒ 400 ಹಾಕಿದರೆ ಲೆಕ್ಕದ ಪ್ರಕಾರ 5.5 ಸೆಕೆಂಡು ಸಾಕು. ಆದರೆ ಒಂದು ಸೆಕೆಂಡು ದಾಟಿದ ಮೇಲೆ ಫಿಲ್ಮ್ ಸೋಮಾರಿಯಾಗುತ್ತದೆ. ಇಲ್ಫರ್ಡ್ ಎಚ್‌ಪಿ5 ಎಂಬ 400ರ ಕಪ್ಪು-ಬಿಳುಪು ಫಿಲ್ಮಿಗೆ ಲೆಕ್ಕದ ಸಮಯವನ್ನು 1.31ರ ಘಾತಕ್ಕೆ ಏರಿಸಬೇಕು: 5.5 ಸೆಕೆಂಡು 9 ಆಗುತ್ತದೆ, 10 ಸೆಕೆಂಡು 20 ಆಗುತ್ತದೆ, 30 ಸೆಕೆಂಡು 86 ಆಗುತ್ತದೆ. ಈ ತಿದ್ದುಪಡಿ ಮರೆತರೆ ನೆಗೆಟಿವ್ ತೆಳ್ಳಗೆ, ಪಾರದರ್ಶಕವಾಗಿ ಬರುತ್ತದೆ. ಬಿಸಿಲಿನಲ್ಲಿ ಅದೇ 400ಕ್ಕೆ ಬೇಕಾದ್ದು ಸೆಕೆಂಡಿನ ಇಪ್ಪತ್ತಮೂರನೇ ಒಂದು ಭಾಗ. ತೂತಿನ ಮೇಲೆ ಅಂಟಿಸಿದ ಟೇಪೇ ಇಲ್ಲಿ ಶಟರ್, ಅದನ್ನು ಯಾರ ಕೈಯೂ ಅಷ್ಟು ಬೇಗ ತೆರೆದು ಮುಚ್ಚಲಾರದು. ಅಂಗಳಕ್ಕೆ 100ರ ರೋಲ್ ಹಾಕಿ, ಅರ್ಧ ಸೆಕೆಂಡು ಕೊಡಿ. ಒಂದೂವರೆ ಸ್ಟಾಪ್ ಹೆಚ್ಚಾದರೂ ನೆಗೆಟಿವ್ ಫಿಲ್ಮ್ ತಾಳಿಕೊಳ್ಳುತ್ತದೆ. ಹಾಗಾಗಿ ಒಂದೇ ರೋಲಿನಲ್ಲಿ ಅಡುಗೆಮನೆ, ಅಂಗಳ ಎರಡನ್ನೂ ತೆಗೆಯುವ ಆಸೆ ಬಿಡಬೇಕು. ಮೂಲೆಗಳು ನಡುವಿಗಿಂತ ಎರಡು ಸ್ಟಾಪಿಗೂ ಹೆಚ್ಚು ಕಪ್ಪಾಗುತ್ತವೆ, ಮುಖವನ್ನು ನಡುವೆಯೇ ಇಡಿ. ಲ್ಯಾಬಿಗೆ ಕೊಡುವಾಗ ಫಿಲ್ಮ್ ಕತ್ತರಿಸಬೇಡಿ ಎಂದು ಚೀಟಿ ಬರೆದು ಅಂಟಿಸಿ. ಅಂತರ ಮಾಮೂಲಿನಂತಿರುವುದಿಲ್ಲ, ಯಂತ್ರ ಚಿತ್ರದ ಮಧ್ಯಕ್ಕೇ ಕತ್ತರಿ ಹಾಕುತ್ತದೆ.

ತಗಡಿನ ಡಬ್ಬಿಯ ವಿಷಯಕ್ಕೆ ಬಂದರೆ ಲೆಕ್ಕವೆಲ್ಲ ತಲೆಕೆಳಗು. 100 ಮಿ.ಮೀ. ಆಳದ ಡಬ್ಬಿ, 0.45 ಮಿ.ಮೀ. ತೂತು, ಎಫ್/220ರ ಆಸುಪಾಸು. ಒಳಗೆ 5×7 ಇಂಚಿನ ಪೇಪರ್. 178 ಮಿ.ಮೀ. ಅಗಲದಲ್ಲಿ 0.45ರ ಮಚ್ಚೆಗಳು ಸುಮಾರು 395 ಹಿಡಿಸುತ್ತವೆ, ಫುಲ್ ಫ್ರೇಮ್ ಸೆನ್ಸರ್‌ಗಿಂತ ಮೂರು ಪಟ್ಟಿಗೂ ಹೆಚ್ಚು. ಮೇಜಿನ ಮೇಲಿನ ಲೋಟದ ಅಂಚು, ಕುರ್ಚಿಯ ಹೆಣಿಗೆ, ಕಿಟಕಿ ಸರಳು ಇವೆಲ್ಲ ಮೊದಲ ಬಾರಿಗೆ ಸ್ಪಷ್ಟವಾಗಿ ಸಿಗುವುದು ಇದರಲ್ಲೇ. ಬದಲಿಗೆ ತೆರಬೇಕಾದ್ದು ಸಮಯ. ಪೇಪರಿನ ವೇಗ ಐಎಸ್‌ಒ 3ರಿಂದ 6. ಬಿಸಿಲಿಗೆ 25 ಸೆಕೆಂಡು, ನೆರಳಿಗೆ ಮೂರು ನಿಮಿಷಕ್ಕೂ ಹೆಚ್ಚು, ಕಿಟಕಿ ಪಕ್ಕಕ್ಕೆ ಹತ್ತಿರಹತ್ತಿರ ಒಂದು ಗಂಟೆ.

ಪೇಪರನ್ನು ಕೆಂಪು ಬೆಳಕಿನಲ್ಲಿ ಮುಟ್ಟಬಹುದು, ಆದರೆ ಎಲ್ಲ ಕೆಂಪು ಬಲ್ಬೂ ನಂಬಿಕೆಗೆ ಅರ್ಹವಲ್ಲ. ಒಂದು ಚೂರು ಪೇಪರಿನ ಮೇಲೆ ನಾಣ್ಯವಿಟ್ಟು ಐದು ನಿಮಿಷ ಬಲ್ಬಿನ ಕೆಳಗೆ ಬಿಟ್ಟು ಡೆವಲಪ್ ಮಾಡಿ; ನಾಣ್ಯದ ಗುರುತು ಕಂಡರೆ ಬಲ್ಬು ಬದಲಿಸಿ. ಆರ್‌ಸಿ (ಪ್ಲಾಸ್ಟಿಕ್ ಲೇಪನದ) ಪೇಪರಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1+9 (ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ನೀರು) ಡೆವಲಪರ್‌ನಲ್ಲಿ ಒಂದು ನಿಮಿಷ, ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ನಲ್ಲಿ 10 ಸೆಕೆಂಡು, ಚಿತ್ರವನ್ನು ಕಾಯಂಗೊಳಿಸುವ 1+4 ಫಿಕ್ಸರ್‌ನಲ್ಲಿ 30 ಸೆಕೆಂಡು, ಹರಿಯುವ ನೀರಿನಲ್ಲಿ ಎರಡು ನಿಮಿಷ. ಬಚ್ಚಲುಮನೆ ಸಾಕು, ಟ್ರೇಗಳು ಮಾತ್ರ ಅಡುಗೆಮನೆಗೆ ಮರಳಿ ಹೋಗಬಾರದು, ಮಕ್ಕಳು ಕೈ ಜೋಡಿಸುವುದಾದರೆ ಗ್ಲೌಸ್ ಮತ್ತು ಇಕ್ಕಳ ಕೊಡಿ. ಡೆವಲಪರ್‌ನಲ್ಲಿ ಹದಿನೈದು ಸೆಕೆಂಡಿಗೇ ಪೇಪರ್ ಕಪ್ಪಾಗುತ್ತಾ ಬಂದರೆ ಬೇಗ ಎತ್ತಿಬಿಡುವ ಆಸೆಯಾಗುತ್ತದೆ. ಎತ್ತಿದರೆ ಕಲೆಕಲೆಯಾಗಿ ಬರುತ್ತದೆ. ಪೂರ್ತಿ ನಿಮಿಷ ಬಿಟ್ಟು, ಮುಂದಿನ ಎಕ್ಸ್‌ಪೋಷರನ್ನು ಅರ್ಧಕ್ಕೆ ಇಳಿಸಿ. ಎರಡು ನಿಮಿಷವಾದರೂ ಪೇಲವವಾಗಿದ್ದರೆ ಎರಡು ಪಟ್ಟು ಮಾಡಿ.

ಪೇಪರಿನ ದೊಡ್ಡ ದೋಷ ಅತಿಯಾದ ಕಾಂಟ್ರಾಸ್ಟ್, ಅಂದರೆ ಬಿಳುಪು ಕಪ್ಪುಗಳ ನಡುವಿನ ವ್ಯತ್ಯಾಸ. ಅದಕ್ಕೆ ನೀಲಿ, ಹಸಿರು ಮಾತ್ರ ಕಾಣುತ್ತದೆ, ಕೆಂಪು ಕಾಣದು. ಆಕಾಶ ಹಾಳೆಯಂತೆ ಬೆಳ್ಳಗೆ, ಕೆಂಪು ಅಂಗಿ ಇದ್ದಲು ಕಪ್ಪಾಗಿ ಬರುತ್ತವೆ. ಪ್ರೀಫ್ಲ್ಯಾಷ್, ಅಂದರೆ ಪೇಪರಿಗೆ ಮೊದಲೇ ಒಂದಿಷ್ಟು ಬೆಳಕು ತೋರಿಸುವುದು, ಇದಕ್ಕೆ ಮದ್ದು: ದೂರದ ಮಂದ ಬಲ್ಬಿಗೆ ಪೇಪರಿನ ಪಟ್ಟಿಯನ್ನು ಒಂದೊಂದು ಸೆಕೆಂಡು ಹೆಚ್ಚಿಸುತ್ತಾ ಒಡ್ಡಿ, ಡೆವಲಪ್ ಮಾಡಿದ ಮೇಲೂ ಬಿಳಿಯಾಗಿಯೇ ಉಳಿದ ಗರಿಷ್ಠ ಸಮಯ ಕಂಡುಕೊಳ್ಳಿ. ಪ್ರತಿ ಹಾಳೆಗೂ ಡಬ್ಬಿಗೆ ಹಾಕುವ ಮೊದಲು ಅಷ್ಟು ಬೆಳಕು ಕೊಟ್ಟರೆ ನೆರಳಿನ ಭಾಗಗಳಲ್ಲೂ ವಿವರ ಮೂಡುತ್ತದೆ. ಡಬ್ಬಿಯ ಒಳಗೆ ಮ್ಯಾಟ್ ಕಪ್ಪು ಬಣ್ಣ ಬಳಿಯದಿದ್ದರೆ ಹೊಳೆಯುವ ತಗಡು ಬೆಳಕನ್ನು ಪ್ರತಿಫಲಿಸಿ ನಡುವೆ ಬೂದು ಕಲೆ ಬಿಡುತ್ತದೆ. ಶಟರಿನ ಟೇಪ್ ಕೀಳುವಾಗ ಡಬ್ಬಿ ಅಲುಗುತ್ತದೆ, ಆದ್ದರಿಂದ ಮುಂದೆ ಕಪ್ಪು ರಟ್ಟು ಹಿಡಿದು ಟೇಪ್ ಕಿತ್ತು, ಅಲುಗಾಟ ನಿಂತ ಮೇಲೆ ರಟ್ಟು ಸರಿಸಿ. ಮೇಲೊಂದು ಕಲ್ಲು ಹೇರಿದರೆ ಇನ್ನೂ ಒಳ್ಳೆಯದು. ಬರುವ ನೆಗೆಟಿವನ್ನು ಸ್ಕ್ಯಾನ್ ಮಾಡಿ ಇನ್ವರ್ಟ್ ಮಾಡಿದರೆ (ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರೆ) ಸಾಲದು, ಎಡಬಲ ಅದಲುಬದಲಾಗಿರುತ್ತದೆ, ಅದನ್ನೂ ತಿರುಗಿಸಬೇಕು.

ಜನರನ್ನು ಕೂರಿಸುವ ವಿಷಯದಲ್ಲಿ ಮೂರೂ ಬೇರೆ ಬೇರೆ ಶಿಸ್ತು ಕೇಳುತ್ತವೆ. ಐದರಿಂದ ಒಂಬತ್ತು ಸೆಕೆಂಡಿಗೆ ತಲೆಯನ್ನು ಗೋಡೆಗೋ ಕುರ್ಚಿಯ ಬೆನ್ನಿಗೋ ಆನಿಸಿ, ಮೊಣಕೈ ಮೇಜಿನ ಮೇಲಿಟ್ಟರೆ ಸಾಕು. ಕಣ್ಣು ಮಿಟುಕಿಸಿದರೆ ಚಿಂತೆಯಿಲ್ಲ, ಅದು ದಾಖಲಾಗುವುದೇ ಇಲ್ಲ. ನೋಟ ಅತ್ತಿತ್ತ ಹರಿದರೆ ಮಾತ್ರ ಕಣ್ಣುಗುಡ್ಡೆ ಅಳಿಸಿಹೋಗುತ್ತದೆ. ತರಕಾರಿ ಹೆಚ್ಚುವ ಕೈಗಳನ್ನು ಆಡಲು ಬಿಟ್ಟು ಮುಖ ಮಾತ್ರ ಸ್ಥಿರವಾಗಿಡಲು ಹೇಳಿದರೆ ಒಳ್ಳೆಯ ಚಿತ್ರ ಸಿಗುತ್ತದೆ. ಸಣ್ಣ ಮಕ್ಕಳು ನಿದ್ದೆ ಹೋದಾಗಲೇ ಸರಿ. ಡಬ್ಬಿಯ ಒಂದು ಗಂಟೆಯಲ್ಲಿ ಊಟದ ಮೇಜನ್ನು ತೆಗೆದರೆ ತಟ್ಟೆ, ಕುರ್ಚಿ ಉಳಿದು ಉಂಡವರು ಮಾಯವಾಗುತ್ತಾರೆ. ಹತ್ತನೇ ಒಂದು ಭಾಗದಷ್ಟು ಹೊತ್ತು ಒಂದೇ ಕಡೆ ಕೂತವರು ಕಪ್ಪು ಗೋಡೆಯ ಮುಂದಾದರೆ ತೆಳುವಾಗಿ ಮೂಡುತ್ತಾರೆ, ಬೆಳಕಿನ ಕಿಟಕಿಯ ಮುಂದಾದರೆ ಸುಳಿವೂ ಇರುವುದಿಲ್ಲ.

ಇದೇ ಪೇಪರನ್ನು ಪಾನೀಯದ ಕ್ಯಾನಿಗೆ ಹಾಕಿ, ಬಾಲ್ಕನಿಯ ಕಂಬಕ್ಕೆ ಕಟ್ಟಿ ಆರು ತಿಂಗಳು ಬಿಟ್ಟರೆ ಸೋಲಾರ್‌ಗ್ರಾಫ್, ಅಂದರೆ ಸೂರ್ಯನ ದಾರಿಯ ಚಿತ್ರ. ಜೂನ್ 21ರಿಂದ ಡಿಸೆಂಬರ್ 21ರವರೆಗೆ ಬಿಟ್ಟರೆ ಸೂರ್ಯನ ದಾರಿ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುವುದು ಗೆರೆಗೆರೆಯಾಗಿ ಬೀಳುತ್ತದೆ. ಇಂಗ್ಲೆಂಡಿನ ಬೇಫೋರ್ಡ್‌ಬರಿ ವೀಕ್ಷಣಾಲಯದಲ್ಲಿ 2012ರಲ್ಲಿ ಕಟ್ಟಿದ ಕ್ಯಾನೊಂದು 2020ರವರೆಗೆ ಮರೆತೇಹೋಗಿ ಎಂಟು ವರ್ಷದ ಚಿತ್ರ ಕೊಟ್ಟದ್ದುಂಟು. ಡೆವಲಪರ್ ಬೇಕಿಲ್ಲ, ಫಿಕ್ಸರ್ ಹಾಕಿದರೆ ಚಿತ್ರ ಮಂಕಾಗುತ್ತದೆ. ಮುಚ್ಚಳದ ಸಂದಿಗೆ ನೀರು ಇಳಿಯದಂತೆ ಟೇಪ್ ಸುತ್ತುವುದೇ ಮುಖ್ಯ ಕೆಲಸ. ತೆಗೆದ ಮೇಲೆ ಮಂದ ಬೆಳಕಿನಲ್ಲಿ ಬಿಚ್ಚಿ, ತೇವವಿದ್ದರೆ ಕತ್ತಲಲ್ಲಿ ಒಣಗಿಸಿ, ಪ್ರಿವ್ಯೂ ಒತ್ತದೆ ನೇರವಾಗಿ ಒಂದೇ ಸಲ ಸ್ಕ್ಯಾನ್ ಮಾಡಿ. ಸ್ಕ್ಯಾನರಿನ ಬೆಳಕು ಪ್ರತಿ ಸಲ ಹಾದಾಗಲೂ ಪೇಪರ್ ಇನ್ನಷ್ಟು ಕಪ್ಪಾಗುತ್ತದೆ.